ಇಸವಿ ಮೇಷ್ಟ್ರು ಅದಲುಬದಲು ಮಾಡಿದ ತಾತಂದಿರು

ಇಸವಿ ಮೇಷ್ಟ್ರಿಗೆ ಕಂಪ್ಯೂಟರಿನ ಮೇಲೆ ದ್ವೇಷವೇನೂ ಇರಲಿಲ್ಲ. ಹಾಗೆ ನೋಡಿದರೆ ಅದರ ಬಗ್ಗೆ ಅವರಿಗೆ ಅಪಾರ ಗೌರವವಿತ್ತು. ದೊಡ್ಡವರನ್ನು ಮೈಮುಟ್ಟಿ ಮಾತಾಡಿಸಬಾರದು ಎಂಬ ಸಂಕೋಚದಿಂದ ಅದರ ತಂಟೆಗೆ ಹೋಗುತ್ತಿರಲಿಲ್ಲ, ಅಷ್ಟೆ. ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದ ಅವರ ನಿಜವಾದ ಹೆಸರು ಸಂಬಳದ ಚೀಟಿಗೆ ಮಾತ್ರ ಗೊತ್ತಿತ್ತು. "ಕರೆಂಟ್ ಹೋಯ್ತು" ಎಂದರೂ "ಇದಕ್ಕೆ ಮೊದಲು ಹೀಗೆ ಹೋಗಿದ್ದು ಯಾವ ಇಸವಿಯಲ್ಲಿ?" ಎಂದು ಕೇಳುವ ಚಾಳಿಯಿಂದ ಅವರು ಊರಿಗೆಲ್ಲ ಇಸವಿ ಮೇಷ್ಟ್ರೇ ಆಗಿಬಿಟ್ಟಿದ್ದರು.

ಅವರಿಗೆ ಇನ್ನೊಂದು ಚಾಳಿಯೂ ಇತ್ತು. ಏನನ್ನೇ ಹೇಳಲಿ, ವಿಸ್ತಾರವಾಗಿ ಹೇಳುವುದು. ಒಂದು ಯುದ್ಧದ ಕಾರಣಗಳನ್ನು ಹೇಳಲು ಕೂತರೆಂದರೆ ಆ ಯುದ್ಧವೇ ಅದಕ್ಕಿಂತ ಬೇಗ ಮುಗಿದಿತ್ತು. ಇತಿಹಾಸ ವಿಭಾಗದಲ್ಲಿ ವಿದ್ಯಾರ್ಥಿಗಳು ಕರಗುತ್ತಾ ಬಂದದ್ದಕ್ಕೆ ಕಾಲದ ಮಹಿಮೆಯಷ್ಟೇ ಈ ವಿಸ್ತಾರವೂ ಕಾರಣ ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಿದ್ದರು. ಬೇರೆ ವಿಭಾಗಗಳಲ್ಲಿ ಕೊನೆಯ ಬೆಂಚು ಖಾಲಿ ಇರುತ್ತಿತ್ತು. ಇತಿಹಾಸದಲ್ಲಿ ಮೊದಲನೆಯದೂ ಖಾಲಿ.

ಹೀಗಿರುವಾಗ ಒಂದು ದಿನ ಪ್ರಾಂಶುಪಾಲರು ಮೇಷ್ಟ್ರನ್ನು ಕೊಠಡಿಗೆ ಕರೆಸಿದರು.

"ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಬರೋ ವರ್ಷದಿಂದ ನಿಮ್ಮ ವಿಭಾಗ ಮುಚ್ಚೋದು ಅಂತ ಆಡಳಿತ ಮಂಡಳಿಯವರ ಯೋಚನೆ. ನಿಮ್ಮ ರೂಮಿನಲ್ಲಿ ಜಿಮ್ ಮಾಡ್ತಾರಂತೆ. ನಿಂತಲ್ಲೇ ಓಡೋ ಯಂತ್ರ ಆಗಲೇ ಬಂದುಬಿಟ್ಟಿದೆ, ಕಾರಿಡಾರಿನಲ್ಲಿ ನೋಡಿಲ್ವಾ?"

ಮೇಷ್ಟ್ರು ನೋಡಿದ್ದರು. ಯಾರೋ ಪುಣ್ಯಾತ್ಮರು ವಿಭಾಗಕ್ಕೆ ಪುಸ್ತಕ ಇಡುವ ಸ್ಟ್ಯಾಂಡ್ ಕೊಟ್ಟಿದ್ದಾರೆಂದು ತಿಳಿದು ಅದರ ಮೇಲೆ ಎರಡು ಸಂಪುಟಗಳನ್ನೂ ಇಟ್ಟಿದ್ದರು. ಮುಳುಗುವವನ ಕೈಗೆ ಏನು ಸಿಕ್ಕಿದರೂ ಸರಿ. ಅವರ ಕೈಗೆ ಒಂದು ಸುಳ್ಳು ಸಿಕ್ಕಿತು.

"ಅಯ್ಯೋ, ಈಗ ಮುಚ್ಚಿದರೆ ಹೇಗೆ ಸಾರ್? ನಾನು ಡಿಜಿಟಲ್ ಇತಿಹಾಸ ಶುರುಮಾಡಿದೀನಲ್ಲ!"

ಪ್ರಾಂಶುಪಾಲರು ರಸಾಯನಶಾಸ್ತ್ರದವರು. ಅರ್ಥವಾಗದ ಮಾತು ಕೇಳಿದಾಗ ತಲೆಯಾಡಿಸಿ ಗೌರವ ಉಳಿಸಿಕೊಳ್ಳುವುದನ್ನು ಬಲ್ಲವರು. "ಓಹೋ, ಡಿಜಿಟಲ್ಲು! ಹಾಗಾದರೆ ವಾರ್ಷಿಕೋತ್ಸವದ ಪ್ರದರ್ಶನದಲ್ಲಿ ಇಡಿ. ಅಧ್ಯಕ್ಷರೇ ಬಂದು ನೋಡ್ಲಿ. ಜನ ಸೇರಿದರೆ ವಿಭಾಗ ಇರುತ್ತೆ. ಇಲ್ಲದಿದ್ದರೆ ನೀವು ನಿಮ್ಮ ರಾಜರನ್ನೆಲ್ಲ ಕರ್ಕೊಂಡು ಮನೆಗೆ ಹೊರಡಿ."

ಮನೆಗೆ ಬಂದ ಮೇಷ್ಟ್ರು ಹೆಂಡತಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತರು. ಆಕೆ ಹೆರಿಗೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ದಿನವೂ ಗಾಬರಿಯಾದ ಗಂಡಸರನ್ನು ನೋಡಿ ಪಳಗಿದ ಕಣ್ಣು.

"ಸುಳ್ಳು ಹೇಳಿದ್ದಾಯ್ತಲ್ಲ. ಇನ್ನು ಅದನ್ನ ನಿಜ ಮಾಡಿ. ಹೋಗಿ ಕಲೀರಿ" ಎಂದರು.

ಅದೃಷ್ಟಕ್ಕೆ ದೊಡ್ಡ ಗ್ರಂಥಾಲಯವೊಂದು ಇತಿಹಾಸ ಸಂಶೋಧಕರಿಗೆ ಕಂಪ್ಯೂಟರ್ ತರಬೇತಿ ಇಟ್ಟಿತ್ತು. ಮೇಷ್ಟ್ರು ಸೇರಿದರು. ಮೊದಲ ದಿನ ಮೌಸನ್ನು ಇಸ್ತ್ರಿ ಪೆಟ್ಟಿಗೆಯ ಹಾಗೆ ಒತ್ತಿಹಿಡಿದು ಮೇಜಿನ ಆ ಅಂಚಿನಿಂದ ಈ ಅಂಚಿಗೆ ಎಳೆದರು. ಪಕ್ಕದಲ್ಲಿ ಕೂತಿದ್ದವರ ಟೀ ಚೆಲ್ಲಿತು. ಆದರೆ ಮನುಷ್ಯ ಹಟವಾದಿ. ತರಬೇತಿ ಕೊಡುವ ಮೇಡಂ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಬರೆದುಕೊಂಡರು. ಹಳೆಯ ಕಾಗದಗಳಲ್ಲಿ ಇರುವುದನ್ನು ಕೋಷ್ಟಕಕ್ಕೆ ಇಳಿಸಬೇಕು. ಒಂದು ಅಡ್ಡಸಾಲಿಗೆ ಒಬ್ಬ ಮನುಷ್ಯ, ಒಂದು ಕಂಬಸಾಲಿಗೆ ಒಂದು ವಿಷಯ. ಮೂಲ ಪ್ರತಿಯನ್ನು ಮುಟ್ಟದೆ, ಅದರ ನಕಲಿನ ಮೇಲೇ ಕೆಲಸ ಮಾಡಬೇಕು.

"ಎಣಿಸೋದು ಕಲಿತರೆ, ಒಬ್ಬೊಬ್ಬ ರಾಜನ ಕಥೆ ಬಿಟ್ಟು ಇಡೀ ಊರಿನ ಕಥೆ ಹೇಳಬಹುದು" ಎಂದರು ಮೇಡಂ.

ಈ ಮಾತು ಮೇಷ್ಟ್ರ ಮನಸ್ಸಿಗೆ ನಾಟಿತು. ವಾಪಸು ಬಂದವರೇ ನಗರಸಭೆಯ ಹಳೆಯ ಕಪಾಟಿನಿಂದ ಶತಮಾನದಷ್ಟು ಹಿಂದಿನ ಮನೆಗಣತಿಯ ಹಾಳೆಗಳನ್ನು ಹೊರಗೆ ತೆಗೆಸಿ, ಫೋಟೋ ಹಿಡಿದು, ಒಂದೊಂದಾಗಿ ಕಂಪ್ಯೂಟರಿಗೆ ಟೈಪು ಮಾಡಿದರು. ಮನೆಯ ಸಂಖ್ಯೆ, ಯಜಮಾನರ ಹೆಸರು, ಉದ್ಯೋಗ, ಮನೆಮಂದಿ, ಕೊನೆಗೆ ಷರಾ. ಆ ಕಾಲದ ಗಣತಿದಾರ ಯಾವನೋ, ಮಹಾ ಬಾಯಿಬಡುಕ. ಷರಾ ಎಂಬ ಜಾಗದಲ್ಲಿ ಮನಸ್ಸಿಗೆ ಬಂದದ್ದನ್ನೆಲ್ಲ ಗೀಚಿದ್ದ. ಒಂದು ಕಡೆ "ಉದ್ಯೋಗ: ಕೋಳಿ ವ್ಯಾಪಾರ. ಷರಾ: ಕೋಳಿಗಳು ತನ್ನವಲ್ಲ" ಎಂದಿತ್ತು. ಮೇಷ್ಟ್ರು ನಕ್ಕೂ ನಕ್ಕೂ ಟೈಪು ಮಾಡಿದರು. ಇಷ್ಟು ವರ್ಷ ಪಾಠ ಹೇಳಿದರೂ ಸತ್ತವರು ಇಷ್ಟು ಹತ್ತಿರ ಬಂದು ಮಾತಾಡಿದ್ದು ಅವರಿಗೆ ಇದೇ ಮೊದಲು.

ಅಂಕಿ ಅಂಶದ ಹುಚ್ಚು ಮನೆಯೊಳಗೂ ನುಗ್ಗಿತು. ಊಟಕ್ಕೆ ಕೂತರೆ "ಉಪ್ಪು ಇವತ್ತು ಜಾಸ್ತಿ, ನಿನ್ನೆ ಕಮ್ಮಿ. ಸರಾಸರಿ ತೆಗೆದರೆ ಅಡುಗೆ ಚೆನ್ನಾಗಿದೆ" ಎನ್ನುತ್ತಿದ್ದರು.

"ಸರಾಸರಿ ತೆಗೆದರೆ ನೀವೂ ಒಳ್ಳೆಯವರೇ ಬಿಡಿ" ಎಂದು ಹೆಂಡತಿ ಅನ್ನ ಬಡಿಸುತ್ತಿದ್ದರು.

ಇಲ್ಲಿಗೆ ಎಲ್ಲವೂ ಸುಸೂತ್ರವಾಗಿತ್ತು. ಅನಾಹುತವಾಗಿದ್ದು ಅಂದಚಂದದ ಆಸೆಯಿಂದ. ಹೆಸರುಗಳು ಅಕಾರಾದಿಯಾಗಿ ಇದ್ದರೆ ನೋಡಲು ಲಕ್ಷಣ ಎಂದು ಮೇಷ್ಟ್ರು ನಕಲು ಪ್ರತಿಯಲ್ಲಿ ಹೆಸರಿನ ಕಂಬಸಾಲನ್ನು ಮಾತ್ರ ಆರಿಸಿ ಗುಂಡಿ ಒತ್ತಿದರು. ಕಂಪ್ಯೂಟರು ವಿನಯದಿಂದಲೇ ಕೇಳಿತು: ಆಯ್ಕೆಯನ್ನು ಪಕ್ಕದ ಸಾಲುಗಳಿಗೂ ವಿಸ್ತರಿಸಲೇ?

ಜೀವಮಾನವಿಡೀ "ವಿಸ್ತರಿಸಬೇಡಿ" ಎಂದು ಹೆಂಡತಿಯಿಂದ, ವಿದ್ಯಾರ್ಥಿಗಳಿಂದ, ಪ್ರಾಂಶುಪಾಲರಿಂದ ಹೇಳಿಸಿಕೊಂಡ ಮನುಷ್ಯ ಅವರು. ಇಂದಾದರೂ ಬುದ್ಧಿ ಬಂತೆಂದು ತೋರಿಸಬೇಕಲ್ಲ! "ಬೇಡ" ಎಂದು ಒತ್ತಿದರು. ಕಣ್ಣು ಮಿಟುಕಿಸುವುದರೊಳಗೆ ಹೆಸರುಗಳೆಲ್ಲ ಎದ್ದು ಅಕಾರಾದಿಯಾಗಿ ಸಾಲು ನಿಂತವು. ಉದ್ಯೋಗಗಳೂ ಷರಾಗಳೂ ಇದ್ದಲ್ಲೇ ಕೂತಿದ್ದವು. ಊರಿನ ತಾತಂದಿರೆಲ್ಲ ಒಬ್ಬರ ಮನೆಯಿಂದೆದ್ದು ಇನ್ನೊಬ್ಬರ ಮನೆ ಹೊಕ್ಕರು. ಮೇಷ್ಟ್ರು ಮಾತ್ರ "ಆಹಾ, ಎಷ್ಟು ಶಿಸ್ತು!" ಎಂದು ಕನ್ನಡಕ ಒರೆಸಿಕೊಂಡರು.

ಆ ಶಿಸ್ತೇ ಅವರಿಗೆ ದೊಡ್ಡ ಸಂಶೋಧನೆಯಾಗಿ ಕಂಡಿತು. ಮನೆಯ ಸಂಖ್ಯೆಗಳು ಬೀದಿಯ ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿದ್ದವು, ಹೆಸರುಗಳೂ ಕ್ರಮವಾಗಿದ್ದವು. ಅಂದಮೇಲೆ ಏನರ್ಥ? ನಮ್ಮ ಪೂರ್ವಿಕರು ಅಕಾರಾದಿಯಾಗಿ ಮನೆ ಕಟ್ಟಿಕೊಂಡು ಬಾಳುತ್ತಿದ್ದರು! ಜಗತ್ತಿನ ಯಾವ ಮೂಲೆಯಲ್ಲೂ ಇಂಥ ಊರಿಲ್ಲ. ಮೇಷ್ಟ್ರು ಮೈಯೆಲ್ಲ ಪುಳಕಗೊಂಡು "ಅಕಾರಾದಿ ಊರು: ಒಂದು ಅಪೂರ್ವ ನಾಗರಿಕತೆ" ಎಂದು ದೊಡ್ಡ ಫಲಕ ಬರೆಸಲು ಕೊಟ್ಟರು.

ಅಲ್ಲದೆ ತರಬೇತಿಯಲ್ಲಿ ಕಲಿತ ವಿದ್ಯೆಯಿಂದ, ಮನೆತನದ ಹೆಸರು ಟೈಪು ಮಾಡಿದರೆ ಆ ಮನೆಯ ಹಿರಿಯರ ಉದ್ಯೋಗವೂ ಷರಾವೂ ತೆರೆಯ ಮೇಲೆ ಮೂಡುವ ಹಾಗೆ ಏರ್ಪಾಡು ಮಾಡಿದರು. ಮೊದಲು ತಮ್ಮ ತಾತನನ್ನೇ ಹುಡುಕಿದರು. ಮೂಡಿಬಂತು: "ಉದ್ಯೋಗ: ಸೂಲಗಿತ್ತಿ. ಷರಾ: ಕೈಗುಣ ಒಳ್ಳೆಯದು."

ಹೆಂಡತಿ ಬಗ್ಗಿ ಓದಿದರು. "ರೀ, ನಿಮ್ಮ ತಾತ ಅಂಚೆ ಹಂಚುತ್ತಿದ್ರು ಅಂತ ನೀವೇ ಹೇಳ್ತಿದ್ರಲ್ಲ? ಫೋಟೋದಲ್ಲಿ ಅಷ್ಟು ದಪ್ಪ ಮೀಸೆ ಇದೆ!"

"ಮೀಸೆಗೂ ಉದ್ಯೋಗಕ್ಕೂ ಸಂಬಂಧ ಏನೇ? ಮನೆಯಲ್ಲಿ ಹೇಳೋದು ಬಾಯಿಮಾತು. ಇದು ದತ್ತಾಂಶ. ದತ್ತಾಂಶ ಹೇಳಿದ ಮೇಲೆ ಮುಗೀತು."

"ಗಂಡಸರು ಹೆರಿಗೆ ಕೋಣೆ ಬಾಗಿಲಲ್ಲಿ ದೊಪ್ಪಂತ ಬೀಳೋದನ್ನ ನಾನು ದಿನಾ ನೋಡ್ತೀನಿ. ನಿಮ್ಮ ವಂಶದವರಂತೂ ಬಾಗಿಲವರೆಗೂ ಬರಲ್ಲ. ಎಲ್ಲೋ ಏನೋ ತಪ್ಪಾಗಿದೆ, ಇನ್ನೊಂದು ಸಲ ನೋಡಿ."

"ಇತಿಹಾಸ ಅನ್ನೋದು ನಮಗೆ ಆಶ್ಚರ್ಯ ಕೊಡೋಕೇ ಇರೋದು" ಎಂದು ಮೇಷ್ಟ್ರು ಗಂಭೀರವಾಗಿ ಹೇಳಿ ಮಾತು ಮುಗಿಸಿದರು. ತಜ್ಞರಾದ ಮೇಲೆ ಮನುಷ್ಯನ ಕಿವಿ ಮಂದವಾಗುವುದು ಸಹಜ.

ಮರುದಿನ ಸುದ್ದಿ ತಿಳಿದು ಪಕ್ಕದ ಮನೆಯ ನಿವೃತ್ತ ನ್ಯಾಯಾಧೀಶರು ಬಂದರು. ತಮ್ಮದು ತಲೆತಲಾಂತರದಿಂದ ನ್ಯಾಯದ ಮನೆತನ ಎಂದು ಬೀದಿಗೆಲ್ಲ ಹೇಳಿಕೊಂಡವರು. ಮೇಷ್ಟ್ರು ಅವರ ಮನೆತನದ ಹೆಸರು ಒತ್ತಿದರು. ತೆರೆಯ ಮೇಲೆ ಕೋಳಿಗಳು ಬಂದು ಕೂತವು.

ನ್ಯಾಯಾಧೀಶರು ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. "ತನ್ನವಲ್ಲ ಅಂದ್ರೆ? ಮತ್ತೆ ಯಾರವು?"

"ಅದನ್ನ ಗಣತಿದಾರ ಬರೆದಿಲ್ಲ ಸಾರ್."

"ಸಾಕ್ಷಿ ಇಲ್ಲದೆ ನಮ್ಮ ತಾತನ ಮೇಲೆ ಕೋಳಿ ಹೊರಿಸ್ತೀರಾ? ಮೇಷ್ಟ್ರೇ, ನಾಳೆ ಪ್ರದರ್ಶನಕ್ಕೆ ದಾಖಲೆ ಸಮೇತ ಬರ್ತೀನಿ. ನಿಮ್ಮ ಕಂಪ್ಯೂಟರಿಗೆ ಪಾಟೀಸವಾಲು ಹಾಕ್ತೀನಿ!" ಎಂದು ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋದರು.

ಅಂದು ಮೇಷ್ಟ್ರ ಮನೆಗೆ ಬಂದು ತಾತನನ್ನು ಹುಡುಕಿಸಿಕೊಂಡವರು ಅವರೊಬ್ಬರೇ ಅಲ್ಲ. ಬೀದಿ ತಿರುವಿನ ಸೈಕಲ್ ರಿಪೇರಿಯವನ ತಾತ ಮ್ಯಾಜಿಸ್ಟ್ರೇಟ್ ಎಂದು ಬಂದಿತ್ತು. ಸಂಜೆಯ ಹೊತ್ತಿಗೆ ಅವನ ನಡಿಗೆಯೇ ಬದಲಾಯಿತು. ಅಂಗಡಿ ಮುಂದೆ ಎತ್ತರದ ಕುರ್ಚಿ ಹಾಕಿಸಿ ಕೂತ. ಪಂಚರ್ ಆದ ಟ್ಯೂಬನ್ನು ಎರಡೂ ಕಡೆಯಿಂದ ವಿಚಾರಿಸಿ "ಇದನ್ನ ಬಿಡುಗಡೆ ಮಾಡೋಕಾಗಲ್ಲ, ನಾಳೆಗೆ ಮುಂದೂಡಿದೀನಿ" ಎನ್ನತೊಡಗಿದ. ಹಲ್ಲಿನ ಡಾಕ್ಟರ ತಾತ ಕುದುರೆಗೆ ಲಾಳ ಹೊಡೆಯುವವನೆಂದು ಬಂತು. ಕಾಯುತ್ತ ಕೂತಿದ್ದ ರೋಗಿಗಳು "ಅದಕ್ಕೇ ನೋಡಿ, ಕೈ ಅಷ್ಟು ಭಾರ" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಕಾಲಿಗೆ ಬುದ್ಧಿ ಹೇಳಿದರು. ಊರಿನಲ್ಲಿ ಅಂದು ಯಾರ ಬಾಯಲ್ಲಿ ಕೇಳಿದರೂ ತಾತನದೇ ಮಾತು. ಕೆಲವರು ಏರಿದರು, ಕೆಲವರು ಇಳಿದರು. ಸುಮ್ಮನಿದ್ದವರು ಮಾತ್ರ ಯಾರೂ ಇರಲಿಲ್ಲ.

ಪ್ರದರ್ಶನದ ದಿನ ಮೇಷ್ಟ್ರು ಕಾಲೇಜಿಗೆ ಬಂದು ನೋಡುತ್ತಾರೆ, ಇತಿಹಾಸ ವಿಭಾಗದ ಮುಂದೆ ಜನವೋ ಜನ! ಸಾಲು ಕಾರಿಡಾರು ದಾಟಿ, ಮೆಟ್ಟಿಲಿಳಿದು, ಗೇಟಿನ ಹೊರಗೆ ಹೋಗಿತ್ತು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ತಾತ. ಕಟ್ಟು ಹಾಕಿಸಿದ ಫೋಟೋಗಳು, ಮನೆಪತ್ರಗಳು, ಹಳೆಯ ಕಾಗದಗಳು. ಒಬ್ಬ ಅಜ್ಜಿ ಬೇರೇನೂ ಇಲ್ಲವೆಂದು ತಮ್ಮ ಮಾವನವರ ಊರುಗೋಲನ್ನೇ ತಂದಿದ್ದರು. ಬೇರೆ ವಿಭಾಗಗಳ ಮೇಷ್ಟ್ರುಗಳು ತಮ್ಮ ತಮ್ಮ ಮಾದರಿಗಳ ಮುಂದೆ ಒಬ್ಬೊಬ್ಬರೇ ನಿಂತು ಆಕಳಿಸುತ್ತಿದ್ದರು. ಮೇಷ್ಟ್ರ ಕಣ್ಣು ತುಂಬಿ ಬಂತು. "ಅಕಾರಾದಿ ಊರಿನ ಮಹಿಮೆ ನೋಡೇ!" ಎಂದರು ಹೆಂಡತಿಗೆ.

"ಮಹಿಮೆ ಅಲ್ಲ ರೀ, ಜನ ಬೈಯೋಕೆ ಬಂದಿರೋ ಹಾಗಿದೆ" ಎಂದರು ಆಕೆ.

ಅಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಬಂದರು. ಈ ಊರಿನ ಅರ್ಧ ಭಾಗ ತಮ್ಮ ತಾತ ಕಟ್ಟಿಸಿದ್ದು ಎಂದು ಪ್ರತಿ ಭಾಷಣದಲ್ಲೂ ಹೇಳುವವರು. ಭಾಷಣ ಉದ್ದವಾದರೆ ಮಿಕ್ಕರ್ಧವನ್ನೂ ಕಟ್ಟಿಸುವವರು. ಮುಖ್ಯ ಅತಿಥಿಯಾಗಿ ತರಬೇತಿಯ ಮೇಡಂ ಜೊತೆಗಿದ್ದರು. ಪ್ರಾಂಶುಪಾಲರು ಹಲ್ಲುಗಿಂಜುತ್ತ ಜನರನ್ನು ಸರಿಸಿ, "ಮೊದಲು ಅಧ್ಯಕ್ಷರ ತಾತನವರನ್ನೇ ನೋಡೋಣ!" ಎಂದು ತಾವೇ ಮುಂದಾಗಿ ಅವರ ಮನೆತನದ ಹೆಸರನ್ನು ಒತ್ತಿದರು.

ಗೋಡೆಯ ದೊಡ್ಡ ತೆರೆಯ ಮೇಲೆ ಕೊಬ್ಬಿದ ಅಕ್ಷರಗಳಲ್ಲಿ ಮೂಡಿತು: "ಉದ್ಯೋಗ: ಸರ್ಕಸ್ಸಿನ ಕೋಡಂಗಿ. ಷರಾ: ಯಾರೂ ನಗಲಿಲ್ಲ."

ಮೊದಲು ಊರುಗೋಲಿನ ಅಜ್ಜಿ ಕಿಸಕ್ಕೆಂದರು. ಅದನ್ನು ಕೇಳಿ ಸೈಕಲ್ಲಿನವನು, ಅವನನ್ನು ನೋಡಿ ಹಲ್ಲಿನ ಡಾಕ್ಟರು, ಹೀಗೆ ನಗು ಸಾಲಿನುದ್ದಕ್ಕೂ ಹರಿದು ಗೇಟಿನ ಹೊರಗೆ ಹೋಯಿತು. ನೂರು ವರ್ಷ ತಡವಾಗಿ ಆ ಕೋಡಂಗಿಗೆ ಜನ ನಕ್ಕರು.

ಅಧ್ಯಕ್ಷರ ಮುಖ ಕಪ್ಪಿಟ್ಟಿತು. "ಮುಚ್ಚಿ! ಇವತ್ತೇ ಮುಚ್ಚಿ ಈ ವಿಭಾಗ! ನಮ್ಮ ತಾತನ ಮಾನ ತೆಗೆಯೋಕೆ ನಿಮಗೆ ಸಂಬಳ ಕೊಡಬೇಕೇನ್ರೀ?"

ಮೇಷ್ಟ್ರು ಬಾಯಿ ತೆರೆದರೆ ಇಸವಿಯೂ ಬರಲಿಲ್ಲ. ಆಗ ತರಬೇತಿಯ ಮೇಡಂ ಗೋಡೆಯ ಫಲಕವನ್ನು ಓದುತ್ತಿದ್ದವರು ಮೆಲ್ಲಗೆ ತಿರುಗಿದರು.

"ಮೇಷ್ಟ್ರೇ, ನೂರು ವರ್ಷದ ಹಿಂದೆ ಜನ ನಿಜವಾಗಿ ಅಕಾರಾದಿಯಾಗಿ ಮನೆ ಕಟ್ಟಿಕೊಂಡಿದ್ರಾ?"

"ಹೌದು ಮೇಡಂ. ಅಪೂರ್ವ..."

"ಮಗುವಿಗೆ ಹೆಸರಿಡೋ ಮೊದಲು ಯಾವ ಸೈಟು ಖಾಲಿ ಇದೆ ಅಂತ ನೋಡ್ತಿದ್ರಾ?"

ಮೇಷ್ಟ್ರಿಗೆ ಹೆಸರಿನ ಸಾಲು, ಆ ಗುಂಡಿ, ಕಂಪ್ಯೂಟರಿನ ವಿನಯದ ಪ್ರಶ್ನೆ, ತಮ್ಮ "ಬೇಡ", ಎಲ್ಲವೂ ಒಂದರ ಹಿಂದೊಂದು ನೆನಪಾದವು. ತಪ್ಪಿಸಿಕೊಂಡು ಓಡಲು ಬಾಗಿಲಿನ ಕಡೆ ನೋಡಿದರು. ಬಾಗಿಲಲ್ಲಿ ಹೆಂಡತಿ ನಿಂತಿದ್ದರು, "ತಳ್ಳಿ, ತಳ್ಳಿ, ಇನ್ನೇನು ಆಗೋಯ್ತು" ಎಂದು ಆಸ್ಪತ್ರೆಯಲ್ಲಿ ಹೇಳುವ ಮುಖ ಮಾಡಿಕೊಂಡು.

ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿ ನಿಂತರು. "ಮಹಾಜನಗಳೇ! ತಪ್ಪು ನನ್ನದು. ನಿಮ್ಮ ತಾತಂದಿರನ್ನೆಲ್ಲ ನಾನು ಅದಲುಬದಲು ಮಾಡಿಬಿಟ್ಟಿದೀನಿ!" ಎಂದು ಕೂಗಿದರು. ಜೀವನದಲ್ಲಿ ಅವರು ಮಾಡಿದ ಅತಿ ಚಿಕ್ಕ ಭಾಷಣ ಅದು. ಜನಕ್ಕೆ ಪೂರ್ತಿ ಅರ್ಥವಾದ ಮೊದಲ ಭಾಷಣವೂ ಅದೇ.

"ಹೆದರಬೇಡಿ" ಎಂದರು ಮೇಡಂ. "ಊರಿನಲ್ಲಿ ಯಾವ ಉದ್ಯೋಗದವರು ಎಷ್ಟು ಜನ ಇದ್ರು ಅನ್ನೋ ಲೆಕ್ಕ ಎಲ್ಲಾ ಸರಿಯಾಗೇ ಇದೆ. ಮನುಷ್ಯರು ಮಾತ್ರ ತಪ್ಪು. ಮೂಲ ಪ್ರತಿ ಇಟ್ಟಿದೀರಾ?"

"ಇಟ್ಟಿದೀನಿ! ಮುಟ್ಟೇ ಇಲ್ಲ!" ಎಂದರು ಮೇಷ್ಟ್ರು. ನೆಗಡಿಯ ಮಾತ್ರೆಯ ಖಾಲಿ ಹಾಳೆಯನ್ನೂ ಎಸೆಯದೆ ಇಡುವ ಮನುಷ್ಯ ಮೂಲ ಪ್ರತಿಯನ್ನು ಬಿಟ್ಟಾರೆಯೇ? ಅದನ್ನು ತೆರೆದು ಗುಂಡಿ ಒತ್ತಿದರು. ಒಂದೇ ಗಳಿಗೆಯಲ್ಲಿ ಊರಿನ ತಾತಂದಿರೆಲ್ಲ ತಮ್ಮ ತಮ್ಮ ಮನೆಗೆ ಮರಳಿದರು.

ಆಮೇಲೆ ಶುರುವಾಯಿತು ನೋಡಿ ಜಾತ್ರೆಯಂಥ ಗದ್ದಲ! ಬೈಯಲು ಬಂದವರೆಲ್ಲ ಮತ್ತೆ ಸಾಲಿನಲ್ಲಿ ನಿಂತು "ನಮ್ಮದು ನೋಡಿ, ನಮ್ಮದು ನೋಡಿ" ಎಂದು ಮುಗಿಬಿದ್ದರು. ನ್ಯಾಯಾಧೀಶರ ತಾತ ಕೋರ್ಟಿನ ಬಾಗಿಲು ಕಾಯುವವರಾಗಿದ್ದರು. ಷರಾ: "ಯಾರನ್ನೂ ಒಳಗೆ ಬಿಡುವುದಿಲ್ಲ."

ನ್ಯಾಯಾಧೀಶರು ಎದೆಯುಬ್ಬಿಸಿದರು. "ನಾನು ಹೇಳಲಿಲ್ವಾ? ನ್ಯಾಯದ ಮನೆತನ! ಎಷ್ಟು ಕಟ್ಟುನಿಟ್ಟು ನೋಡಿ!"

ಕೋಳಿಗಳು ಯಾರ ಪಾಲಿಗೆ ಬಂದವೆಂದರೆ, ಸೈಕಲ್ಲಿನವನ ಪಾಲಿಗೆ. ಒಂದು ದಿನ ಮ್ಯಾಜಿಸ್ಟ್ರೇಟ್ ವಂಶದಲ್ಲಿ ಬಾಳಿದವನು ಅಷ್ಟು ಸುಲಭಕ್ಕೆ ಇಳಿದಾನೆಯೇ? "ನಾನು ಒಪ್ಪಲ್ಲ. ಮೇಲಿನ ಕೋರ್ಟಿಗೆ ಹೋಗ್ತೀನಿ" ಎಂದು ತನ್ನ ತಾತನ ಫೋಟೋವನ್ನು ಸಾಕ್ಷಿಗೆಂದು ಅಲ್ಲೇ ಬಿಟ್ಟುಹೋದ. ಅವನನ್ನು ನೋಡಿ ಉಳಿದವರೂ ತಂದದ್ದನ್ನೆಲ್ಲ ಕೊಟ್ಟರು. "ಇದನ್ನೂ ಕಂಪ್ಯೂಟರಿಗೆ ಹಾಕಿ ಮೇಷ್ಟ್ರೇ, ನಮ್ಮ ತಾತನ ಬಗ್ಗೆ ಇಷ್ಟೇನಾ ಇರೋದು?" ಫೋಟೋ, ಪತ್ರ, ಕಾಗದಗಳಿಂದ ಮೇಜು ತುಂಬಿ, ಬೆಂಚು ತುಂಬಿ, ಕೊನೆಗೆ ನಿಂತಲ್ಲೇ ಓಡುವ ಯಂತ್ರವೂ ತುಂಬಿತು. ವಿಜ್ಞಾನ ವಿಭಾಗದ ಹುಡುಗ ಹುಡುಗಿಯರು ಬಂದು "ಸಾರ್, ಮುಂದಿನ ವರ್ಷ ಇತಿಹಾಸಕ್ಕೆ ಬದಲಾಯಿಸಿಕೊಳ್ಳಬಹುದಾ?" ಎಂದು ಕೇಳಿದರು. ಮೇಷ್ಟ್ರು ಅವರ ಹೆಸರು ಬರೆದುಕೊಳ್ಳಲು ಪೆನ್ನು ಹುಡುಕಿದರು.

ಅವರ ಸ್ವಂತ ತಾತನೂ ಮರಳಿ ಸಿಕ್ಕಿದ್ದರು: "ಉದ್ಯೋಗ: ಅಂಚೆ ಹಂಚುವುದು. ಷರಾ: ಎಲ್ಲರ ಕಾಗದಗಳನ್ನೂ ತಾನು ಓದಿಯೇ ಕೊಡುತ್ತಾನೆ."

"ಹೂಂ, ಇವರು ನಿಮ್ಮ ತಾತನೇ. ಅನುಮಾನವೇ ಇಲ್ಲ" ಎಂದರು ಹೆಂಡತಿ.

ಇಷ್ಟೆಲ್ಲ ನಡೆಯುವಾಗ ಅಧ್ಯಕ್ಷರು ಮೂಲೆಯಲ್ಲಿ ಬಿಗಿದುಕೊಂಡೇ ನಿಂತಿದ್ದರು. ಕೋಡಂಗಿ ತಮ್ಮವನಲ್ಲ ಎಂದು ಗೊತ್ತಾದ ಮೇಲೆ ಮುಖ ಒಂದಿಷ್ಟು ಸಡಿಲವಾಗಿತ್ತು. ಸಾಲು ಕರಗಿದ ಮೇಲೆ ಮೆಲ್ಲಗೆ ಹತ್ತಿರ ಬಂದರು. "ಎಲ್ಲಿ, ಈಗ ನಮ್ಮವರನ್ನ ಒತ್ತಿ. ತೆರೆ ಮೇಲೆ ಬೇಡ, ನಿಮ್ಮ ಕಂಪ್ಯೂಟರಿನಲ್ಲೇ ತೋರಿಸಿ."

ಮೇಷ್ಟ್ರು ಒತ್ತಿದರು. "ಉದ್ಯೋಗ: ಇಲ್ಲ. ಷರಾ: ವಿಚಾರಿಸಲು ಹೋದಾಗ ಮಲಗಿದ್ದರು."

ಪ್ರಾಂಶುಪಾಲರು ಕಣ್ಣು ಮುಚ್ಚಿಕೊಂಡರು. ಅಧ್ಯಕ್ಷರು ಬಗ್ಗಿ ಆ ಸಾಲನ್ನು ಇನ್ನೊಂದು ಸಲ ಓದಿದರು. ಮೇಷ್ಟ್ರು ಮನಸ್ಸಿನಲ್ಲೇ ವಿಭಾಗದ ಬೀಗದ ಕೈಯನ್ನು ಹುಡುಕತೊಡಗಿದರು.

"ಮಲಗಿದ್ರು ಅಂದ್ರೆ..." ಎಂದು ಅಧ್ಯಕ್ಷರು ನಿಧಾನವಾಗಿ ಬಾಯಿಬಿಟ್ಟರು, "ಸುಸ್ತಾಗಿರಬೇಕು. ಅಲ್ವಾ?"

"ನಿಸ್ಸಂದೇಹವಾಗಿ ಸಾರ್!" ಎಂದರು ಮೇಷ್ಟ್ರು. "ಸುಸ್ತಾಗದೆ ಯಾರೂ ಮಲಗೋದಿಲ್ಲ."

"ಅಂದಮೇಲೆ ಏನೋ ಭಾರಿ ಕೆಲಸ ಮಾಡಿರಬೇಕು. ಏನು ಮಾಡಿ ಸುಸ್ತಾಗಿದ್ರು ಅಂತ ಕಂಡುಹಿಡೀರಿ. ಬೇಕಾದ ಕಂಪ್ಯೂಟರ್ ತಗೊಳ್ಳಿ, ಬೇಕಾದ ಕಡೆ ಹುಡುಕಿ." ಅಧ್ಯಕ್ಷರು ಪ್ರಾಂಶುಪಾಲರ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ನಮ್ಮ ತಾತನಿಗೆ ಒಂದು ಕೆಲಸ ಸಿಗೋವರೆಗೆ ಈ ವಿಭಾಗ ಮುಚ್ಚಕೂಡದು. ಈಗಲೇ ಆದೇಶ ಬರೀರಿ, ಸಹಿ ಹಾಕ್ತೀನಿ. ಆ ಯಂತ್ರ ನಿಮ್ಮ ರೂಮಿಗೆ ಹಾಕಿಸ್ಕೊಳ್ಳಿ."

ಪ್ರಾಂಶುಪಾಲರು ಅಲ್ಲೇ ಬರೆದರು. ಅಧ್ಯಕ್ಷರು ಅಲ್ಲೇ ಸಹಿ ಹಾಕಿದರು.

ಆದೇಶವನ್ನು ಎದೆಗವಚಿಕೊಂಡು ಮೇಷ್ಟ್ರು ಮನೆಯ ದಾರಿ ಹಿಡಿದರು. ಬೀದಿಯಲ್ಲಿ ಎದುರಾದವರೆಲ್ಲ ಕೈಯೆತ್ತಿ ನಮಸ್ಕಾರ ಮಾಡಿದರು. ಹೆಂಡತಿ ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಮೆತ್ತಗೆ ಕೇಳಿದರು: "ನಿಜ ಹೇಳಿ, ಆ ತಾತನಿಗೆ ಕೆಲಸ ಸಿಗುತ್ತೇನ್ರೀ?"

"ಸಿಗದೆ ಏನು? ಖಂಡಿತ ಸಿಗುತ್ತೆ" ಎಂದರು ಇಸವಿ ಮೇಷ್ಟ್ರು, ಮೀಸೆಯಿಲ್ಲದ ತುಟಿಯ ಮೇಲೆ ಕೈಯಾಡಿಸಿಕೊಂಡು. "ನಾನು ರಿಟೈರಾದ ಮಾರನೇ ದಿನ."